ಬೆಲೆ ಇಳಿದರೂ ಮನೆ ಸೇರದ ಬ್ಲೂ-ರೇ: ಮುಲುಂಡಿನ ಒಂದು ಡಿಸ್ಕ್ ಲೈಬ್ರರಿಯ ಪ್ರಕರಣ ಅಧ್ಯಯನ

ಒಂದು ಯಂತ್ರದ ಬೆಲೆ ನಾಲ್ಕೈದು ವರ್ಷಗಳಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದರೆ ಅದನ್ನು ಕೊಳ್ಳುವವರು ಹೆಚ್ಚಾಗಬೇಕು ಎಂಬುದು ವ್ಯಾಪಾರಸ್ಥರ ಸಹಜ ಎಣಿಕೆ. ಡಿವಿಡಿ ಪ್ಲೇಯರ್ ಮತ್ತು ಮೊಬೈಲ್ ಫೋನಿನ ವಿಷಯದಲ್ಲಿ ಈ ಎಣಿಕೆ ನಿಜವಾದುದನ್ನು ಮುಂಬಯಿಯ ಓಣಿ ಓಣಿಯೂ ಕಂಡಿದೆ. ಆದರೆ ಅದೇ ನಗರದಲ್ಲಿ, ಅದೇ ಗ್ರಾಹಕರ ನಡುವೆ, ಡಿವಿಡಿಗಿಂತ ಸ್ಪಷ್ಟವಾದ ಚಿತ್ರ ಕೊಡುವ ಬ್ಲೂ-ರೇ ಎಂಬ ಹೈ ಡೆಫಿನಿಷನ್ ಡಿಸ್ಕಿನ ಪ್ಲೇಯರ್ ಇಪ್ಪತ್ತು ಸಾವಿರ ರೂಪಾಯಿಯ ಮೇಲಿಂದ ಆರೇಳು ಸಾವಿರಕ್ಕೆ ಇಳಿದು ಬಂದಾಗಲೂ ಹೆಚ್ಚಿನ ಮನೆಗಳ ಹೊಸ್ತಿಲು ದಾಟಲಿಲ್ಲ. ಹೀಗೇಕಾಯಿತು ಎಂಬುದನ್ನು, ಸದಸ್ಯರಿಗೆ ಚಲನಚಿತ್ರದ ಡಿಸ್ಕುಗಳನ್ನು ಬಾಡಿಗೆಗೆ ಕೊಡುತ್ತಿದ್ದ ಒಂದು ಅಂಗಡಿಯ ಅನುಭವದ ಮೂಲಕ ಪರಿಶೀಲಿಸುವುದು ಈ ಬರಹದ ಉದ್ದೇಶ.

ಅಂಗಡಿ ಇದ್ದದ್ದು ಮುಂಬಯಿಯ ಉಪನಗರ ಮುಲುಂಡ್ ಪಶ್ಚಿಮದಲ್ಲಿ. ಅದನ್ನು ನಡೆಸುತ್ತಿದ್ದವರು ಕಾರ್ಕಳ ತಾಲ್ಲೂಕಿನಿಂದ ಬಂದ ಕನ್ನಡಿಗರು. ಅವರ ಇಚ್ಛೆಯಂತೆ ಅವರ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಅವರೊಡನೆ ನಡೆಸಿದ ಮಾತುಕತೆ, ಅವರು ಜೋಪಾನವಾಗಿ ಉಳಿಸಿಕೊಂಡಿರುವ ಬಾಡಿಗೆಯ ಲೆಕ್ಕದ ಪುಸ್ತಕಗಳು ಮತ್ತು ಕೆಲವು ಹಳೆಯ ಸದಸ್ಯರ ನೆನಪುಗಳು ಈ ಅಧ್ಯಯನಕ್ಕೆ ಆಧಾರ. ಒಂದೇ ಅಂಗಡಿಯಿಂದ ಇಡೀ ದೇಶದ ಮಾರುಕಟ್ಟೆಯನ್ನು ಅಳೆಯಲಾಗದು. ಆದರೂ ಗ್ರಾಹಕರು ಬೆಲೆಯ ಚೀಟಿಯ ಮುಂದೆ ನಿಂತು ಮನಸ್ಸಿನಲ್ಲಿ ಏನೇನು ಕೂಡಿಸಿ ಕಳೆಯುತ್ತಾರೆ ಎಂಬುದು ಇಂಥ ಪುಸ್ತಕಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ದೊಡ್ಡ ಅಂಕಿಅಂಶಗಳಲ್ಲಿ ಕಾಣುವುದಿಲ್ಲವೆಂದು ನಾನು ನಂಬಿದ್ದೇನೆ.

ಅಂಗಡಿ ಮತ್ತು ಅದರ ಸದಸ್ಯರು

ಮಾಲೀಕರು ಹುಡುಗರಾಗಿದ್ದಾಗ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಬಳಿಕ ರೇಡಿಯೊ ಮತ್ತು ಟಿವಿ ರಿಪೇರಿ ಕಲಿತವರು. ಅಂಗಡಿಯ ಒಂದು ಬದಿಯಲ್ಲಿ ರಿಪೇರಿಯ ಮೇಜು, ಇನ್ನೊಂದು ಬದಿಯಲ್ಲಿ ಬಾಡಿಗೆಗೆ ಕೊಡುವ ಕ್ಯಾಸೆಟ್ಟುಗಳ ಕಪಾಟು. ಕಾಲ ಸರಿದಂತೆ ಆ ಕಪಾಟಿಗೆ ವಿಸಿಡಿ ಬಂತು, ಅನಂತರ ಡಿವಿಡಿ ಬಂತು. ಸದಸ್ಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕನ್ನಡ ಅಥವಾ ತುಳು ಮನೆಮಾತಿನವರು: ಹೋಟೆಲ್ ನಡೆಸುವವರು, ಅಲ್ಲಿ ದುಡಿಯುವವರು, ಬ್ಯಾಂಕಿನ ನೌಕರರು, ಶಿಕ್ಷಕರು. ಉಳಿದವರು ನೆರೆಹೊರೆಯ ಮರಾಠಿ ಮತ್ತು ಗುಜರಾತಿ ಕುಟುಂಬಗಳವರು. ಐನೂರು ರೂಪಾಯಿ ಠೇವಣಿ ಇಟ್ಟರೆ ದಿನಕ್ಕೆ ಇಪ್ಪತ್ತೈದು ರೂಪಾಯಿ ಬಾಡಿಗೆಯಲ್ಲಿ ಒಂದು ಡಿವಿಡಿ ಸಿಗುತ್ತಿತ್ತು.

ಈ ವ್ಯವಹಾರಕ್ಕೆ ಮೊದಲ ಪೆಟ್ಟು ಬಿದ್ದದ್ದು 2007ರ ಸುಮಾರಿಗೆ. ಖಾಲಿ ಡಿಸ್ಕುಗಳ ತಯಾರಿಕೆಯಲ್ಲಿ ಹೆಸರು ಮಾಡಿದ್ದ ಮೋಸರ್ ಬೇರ್ ಕಂಪನಿ ಚಲನಚಿತ್ರಗಳ ಹಕ್ಕುಗಳನ್ನು ಕೊಂಡು, ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ತೊಡಗಿತು. ಒಂದು ದಿನದ ಬಾಡಿಗೆಗೆ ಇನ್ನೊಂಬತ್ತು ರೂಪಾಯಿ ಸೇರಿಸಿದರೆ ಡಿಸ್ಕೇ ಸ್ವಂತವಾಗುವ ಕಾಲದಲ್ಲಿ ಬಾಡಿಗೆಗೆ ಯಾರು ಬರುತ್ತಾರೆ? ಅಗ್ಗವಾಗಿ ಕೊಳ್ಳಲು ಸಿಗದ, ಆದರೆ ನೋಡಲು ಆಸೆ ಹುಟ್ಟಿಸುವ ಸರಕೊಂದು ತಮ್ಮ ಕಪಾಟಿಗೆ ಬೇಕೆಂದು ಮಾಲೀಕರಿಗೆ ಅನ್ನಿಸಿದ್ದು ಆಗ. ಹೈ ಡೆಫಿನಿಷನ್ ಡಿಸ್ಕಿನ ಕಡೆಗೆ ಅವರನ್ನು ಎಳೆದದ್ದು ಹೊಸತನದ ಮೋಹ ಎನ್ನುವುದಕ್ಕಿಂತ ಹಳೆಯ ಸರಕು ತೀರಾ ಅಗ್ಗವಾದ ಸಂಕಟ ಎನ್ನುವುದೇ ಸರಿ.

ಹೊರದೇಶದಲ್ಲಿ ನಡೆದ ಬೆಲೆಯ ಸಮರ

ಆ ಹೊತ್ತಿಗೆ ಹೈ ಡೆಫಿನಿಷನ್ ಡಿಸ್ಕುಗಳಲ್ಲಿ ಎರಡು ಬಗೆಗಳಿದ್ದವು. ಎರಡೂ 405 ನ್ಯಾನೊಮೀಟರ್ ತರಂಗಾಂತರದ ನೀಲಿ-ನೇರಳೆ ಲೇಸರನ್ನು ಬಳಸುತ್ತಿದ್ದವು. ಡಿವಿಡಿಯ ಕೆಂಪು ಲೇಸರಿನದು 650 ನ್ಯಾನೊಮೀಟರ್. ತರಂಗಾಂತರ ಕಿರಿದಾದಷ್ಟೂ ಲೇಸರಿನ ಚುಕ್ಕಿಯನ್ನು ಸಣ್ಣದಾಗಿಸಬಹುದು, ಅಷ್ಟೇ ಜಾಗದಲ್ಲಿ ಹೆಚ್ಚು ಮಾಹಿತಿ ತುಂಬಬಹುದು. ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿದರೆ, ತೋಷಿಬಾ ಮುಂದಾಳತ್ವದ ಎಚ್‌ಡಿ ಡಿವಿಡಿಯಲ್ಲಿ 15, ಸೋನಿ ಮತ್ತಿತರ ಕಂಪನಿಗಳ ಬ್ಲೂ-ರೇಯಲ್ಲಿ 25 ಗಿಗಾಬೈಟ್ ಹಿಡಿಯುತ್ತಿತ್ತು. ಎಚ್‌ಡಿ ಡಿವಿಡಿಯ ಮಾಹಿತಿ ಪದರ ಡಿವಿಡಿಯಲ್ಲಿದ್ದಂತೆಯೇ ಮೇಲ್ಮೈಯಿಂದ 0.6 ಮಿಲಿಮೀಟರ್ ಆಳದಲ್ಲಿದ್ದುದರಿಂದ, ಹಳೆಯ ಕಾರ್ಖಾನೆಗಳನ್ನೇ ಅಲ್ಪಸ್ವಲ್ಪ ಬದಲಿಸಿ ಅದನ್ನು ಅಚ್ಚು ಹಾಕಬಹುದಿತ್ತು. ಬ್ಲೂ-ರೇಯಲ್ಲಿ ಆ ಆಳ ಕೇವಲ 0.1 ಮಿಲಿಮೀಟರ್. ಅದಕ್ಕೆ ಹೊಸ ಯಂತ್ರಗಳೂ ಗೀರು ತಡೆಯುವ ಗಟ್ಟಿ ಲೇಪನವೂ ಬೇಕಾದವು. ಬ್ಲೂ-ರೇ ಡಿಸ್ಕುಗಳ ಬೆಲೆ ಬಹುಕಾಲ ಏರಿಯೇ ಇದ್ದುದರ ಬೇರು ಇಲ್ಲಿದೆ.

2003ರ ಏಪ್ರಿಲ್‌ನಲ್ಲಿ ಸೋನಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಮೊದಲ ಬ್ಲೂ-ರೇ ರೆಕಾರ್ಡರಿನ ಬೆಲೆ ಸುಮಾರು ನಾಲ್ಕೂವರೆ ಲಕ್ಷ ಯೆನ್. ಮೂರು ವರ್ಷಗಳ ನಂತರ, 2006ರಲ್ಲಿ, ಅಮೆರಿಕದಲ್ಲಿ ತೋಷಿಬಾದ ಎಚ್‌ಡಿ ಡಿವಿಡಿ ಪ್ಲೇಯರ್ 499 ಡಾಲರಿಗೂ ಸ್ಯಾಮ್‌ಸಂಗ್‌ನ ಬ್ಲೂ-ರೇ ಪ್ಲೇಯರ್ 999 ಡಾಲರಿಗೂ ಬಂದವು. ತೋಷಿಬಾದ ಆ ಮೊದಲ ಯಂತ್ರದೊಳಗೆ ಇದ್ದದ್ದು ಒಂದು ಪೆಂಟಿಯಂ 4 ಪ್ರೊಸೆಸರ್ ಮತ್ತು ಒಂದು ಗಿಗಾಬೈಟ್ ಮೆಮೊರಿ; ಹೆಚ್ಚುಕಡಿಮೆ ಇಡೀ ಕಂಪ್ಯೂಟರನ್ನೇ ಪ್ಲೇಯರಿನ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ಇಂಥ ಬಿಡಿಭಾಗಗಳ ಕೆಲಸವನ್ನೆಲ್ಲ ಒಂದೇ ಎಲೆಕ್ಟ್ರಾನಿಕ್ ಚಿಪ್ ಮಾಡತೊಡಗಿದ್ದು ಮತ್ತು ನೀಲಿ ಲೇಸರ್ ಡಯೋಡುಗಳ ತಯಾರಿಕೆ ಪಳಗಿದ್ದು ಮುಂದಿನ ಬೆಲೆ ಇಳಿಕೆಯ ತಾಂತ್ರಿಕ ಕಾರಣಗಳು. ಡಯೋಡಿನ ಕೊರತೆ 2006ರಲ್ಲಿ ಎಷ್ಟಿತ್ತೆಂದರೆ ಬ್ಲೂ-ರೇ ಡಿಸ್ಕನ್ನೂ ಓಡಿಸುವ ತನ್ನ ಆಟದ ಯಂತ್ರ ಪ್ಲೇಸ್ಟೇಷನ್ 3 ಯೂರೋಪಿಗೆ ಬರುವುದನ್ನು ಸೋನಿ 2007ರ ಮಾರ್ಚಿಗೆ ಮುಂದೂಡಬೇಕಾಯಿತು. ಪೇಟೆಂಟ್ ಶುಲ್ಕದ ಗೋಜಲು ಬಿಡಿಸಿಕೊಂಡದ್ದು ಇನ್ನೂ ತಡವಾಗಿ. ಸೋನಿ, ಪ್ಯಾನಾಸೋನಿಕ್ ಮತ್ತು ಫಿಲಿಪ್ಸ್ 2009ರಲ್ಲಷ್ಟೇ ಎಲ್ಲ ಪರವಾನಗಿಗಳನ್ನೂ ಒಂದೇ ಕಡೆ ಕೊಡುವ ಏರ್ಪಾಡನ್ನು ಪ್ರಕಟಿಸಿ, ಒಂದು ಪ್ಲೇಯರಿಗೆ ಒಂಬತ್ತೂವರೆ ಡಾಲರ್ ಎಂದು ನಿಗದಿ ಮಾಡಿದವು.

ಆದರೆ ಬೆಲೆ ಇಳಿಯುವುದಕ್ಕೆ ತಂತ್ರಜ್ಞಾನವೊಂದೇ ಕಾರಣವಾಗಿರಬೇಕೆಂದಿಲ್ಲ ಎಂಬುದನ್ನು ಈ ಅಂಗಡಿಯ ಸದಸ್ಯರೊಬ್ಬರು ಎಲ್ಲರಿಗಿಂತ ಮೊದಲು ತಿಳಿದುಕೊಂಡರು. 2007ರ ನವೆಂಬರ್ 2ರಂದು ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳಲ್ಲಿ ತೋಷಿಬಾದ ಎಚ್‌ಡಿ ಡಿವಿಡಿ ಪ್ಲೇಯರ್ 98.87 ಡಾಲರಿಗೆ ಮಾರಾಟವಾಯಿತು. ಆಗಿನ ವಿನಿಮಯ ದರದಲ್ಲಿ ನಾಲ್ಕು ಸಾವಿರ ರೂಪಾಯಿಯೊಳಗೆ. ನಿವೃತ್ತ ಬ್ಯಾಂಕ್ ನೌಕರರಾಗಿದ್ದ ಆ ಸದಸ್ಯರ ಅಕ್ಕನ ಮಗ ಅಲ್ಲಿಂದ ಒಂದನ್ನು ತಂದುಕೊಟ್ಟ. ಎಚ್‌ಡಿ ಡಿವಿಡಿಯಲ್ಲಿ ಬ್ಲೂ-ರೇಯಲ್ಲಿದ್ದಂಥ ಪ್ರಾದೇಶಿಕ ಸಂಕೇತದ ಕಟ್ಟುಪಾಡು, ಅಂದರೆ ಒಂದು ಪ್ರದೇಶದ ಡಿಸ್ಕು ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ತಡೆಯುವ ಕ್ರಮ, ಇರಲಿಲ್ಲವಾದ್ದರಿಂದ ಅಮೆರಿಕದ ಡಿಸ್ಕೂ ಓಡುತ್ತದೆ, ಜಪಾನಿನದೂ ಓಡುತ್ತದೆ ಎಂಬ ಸಮಾಧಾನ ಅವರಿಗಿತ್ತು. 110 ವೋಲ್ಟಿನ ಯಂತ್ರವಾದುದರಿಂದ ಅದಕ್ಕೊಂದು ಟ್ರಾನ್ಸ್‌ಫಾರ್ಮರನ್ನು ಲ್ಯಾಮಿಂಗ್ಟನ್ ರಸ್ತೆಯಿಂದ ತರಿಸಿ ಜೋಡಿಸಿಕೊಟ್ಟವರು ನಮ್ಮ ಅಂಗಡಿಯ ಮಾಲೀಕರೇ. 2008ರ ಜನವರಿ 4ರಂದು ಹಾಲಿವುಡ್ಡಿನ ಚಿತ್ರಸಂಸ್ಥೆ ವಾರ್ನರ್ ಬ್ರದರ್ಸ್ ಇನ್ನು ಮುಂದೆ ಬ್ಲೂ-ರೇಯೊಂದನ್ನೇ ಬೆಂಬಲಿಸುವುದಾಗಿ ಹೇಳಿತು. ಫೆಬ್ರವರಿ 19ರಂದು ತೋಷಿಬಾ ಎಚ್‌ಡಿ ಡಿವಿಡಿಯಿಂದ ಹಿಂದೆ ಸರಿಯಿತು. ಕೊಂಡು ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಆ ಪ್ಲೇಯರಿಗೆ ಹೊಸ ಡಿಸ್ಕುಗಳು ಬರುವ ದಾರಿ ಮುಚ್ಚಿತ್ತು. ಅದು ಡಿವಿಡಿಗಳನ್ನು ಚೆನ್ನಾಗಿಯೇ ತೋರಿಸುತ್ತಿತ್ತು, ಆದ್ದರಿಂದ ಹಣ ಪೂರ್ತಿ ನೀರಿಗೆ ಹೋಯಿತೆನ್ನಲಾಗದು. ಆದರೂ ಈ ಘಟನೆ ಅಂಗಡಿಯ ಬಾಯಿಯಿಂದ ಬಾಯಿಗೆ ಹರಡಿತು. ಬೆಲೆ ಹಠಾತ್ತಾಗಿ ಬಿದ್ದರೆ ಸರಕು ಬೇರೂರುತ್ತಿದೆಯೋ, ಮುಳುಗುತ್ತಿದೆಯೋ ಎಂದು ವಿಚಾರಿಸಬೇಕು ಎಂಬ ಎಚ್ಚರ ಸದಸ್ಯರಲ್ಲಿ ಆಗಲೇ ಮೂಡಿತ್ತು. ಮುಂದೆ ಬ್ಲೂ-ರೇ ಬೆಲೆ ಇಳಿಯತೊಡಗಿದಾಗ ಅವರು ಕಾದು ನೋಡಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

2010ರ ಪ್ರಯೋಗ

ಸ್ಪರ್ಧಿ ಇಲ್ಲವಾದ ಮೇಲೆ ಬೆಲೆ ಇಳಿಸುವ ಆತುರ ಕೆಲಕಾಲ ತಗ್ಗಿತಾದರೂ, 2010ರ ಹೊತ್ತಿಗೆ ಮುಂಬಯಿಯ ಅಂಗಡಿಗಳಲ್ಲಿ ಬ್ಲೂ-ರೇ ಪ್ಲೇಯರ್ ಹತ್ತು ಹನ್ನೊಂದು ಸಾವಿರ ರೂಪಾಯಿಗೆ ಸಿಗತೊಡಗಿತು. ಮಾಲೀಕರು ಆ ವರ್ಷ ದಸರಾ ದೀಪಾವಳಿಗೆ ಮುನ್ನ ಎರಡು ಪ್ಲೇಯರುಗಳನ್ನೂ, ಕಪಾಟಿನ ಒಂದು ಸಾಲು ತುಂಬುವಷ್ಟು ಡಿಸ್ಕುಗಳನ್ನೂ ಕೊಂಡರು. ಒಂದು ಪ್ಲೇಯರ್ ಅಂಗಡಿಯಲ್ಲೇ ದೊಡ್ಡ ಟಿವಿಗೆ ಜೋಡಿಸಿ ತೋರಿಸಲು, ಇನ್ನೊಂದು ಮಾರಾಟಕ್ಕೆ.

ಅವರ ಲೆಕ್ಕ ಸರಳವಾಗಿತ್ತು. ಹೊರದೇಶದ ಚಿತ್ರದ ಒಂದು ಬ್ಲೂ-ರೇ ಡಿಸ್ಕಿಗೆ ಸುಮಾರು 1,200 ರೂಪಾಯಿ. ದಿನದ ಬಾಡಿಗೆ 60 ರೂಪಾಯಿ. ಇಪ್ಪತ್ತು ಬಾರಿ ಬಾಡಿಗೆಗೆ ಹೋದರೆ ಅಸಲು ಬಂದಂತೆ, ಆ ಮೇಲಿನದೆಲ್ಲ ಲಾಭ. ಡಿವಿಡಿಯ ಅಸಲಾದರೆ ನಾಲ್ಕೈದು ಬಾಡಿಗೆಗೇ ಬರುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು, ಆದರೆ ಬ್ಲೂ-ರೇ ಪ್ಲೇಯರ್ ಇರುವ ಮನೆಗಳು ವರ್ಷಕ್ಕೆ ಇಮ್ಮಡಿಯಾಗುತ್ತವೆ ಎಂಬ ಭರವಸೆಯೂ ಇತ್ತು. ಪ್ರಯೋಗದ ಆರಂಭದಲ್ಲಿ ಅಂಥ ಮನೆಗಳು ಹತ್ತನ್ನೂ ಮುಟ್ಟಿರಲಿಲ್ಲ. ಅವುಗಳಲ್ಲಿ ಕೆಲವು ಮನೆಗಳಲ್ಲಿದ್ದದ್ದು ಪ್ಲೇಯರೇ ಅಲ್ಲ, ಮಕ್ಕಳು ಆಟಕ್ಕೆಂದು ಕೊಂಡಿದ್ದ ಪ್ಲೇಸ್ಟೇಷನ್ 3. ಹತ್ತು ಮನೆಗಳು ಒಂದು ಚಿತ್ರವನ್ನು ತಲಾ ಒಮ್ಮೆ ನೋಡಿದರೆ ಹತ್ತೇ ಬಾಡಿಗೆ. ಇಪ್ಪತ್ತರ ಗುರಿ ತಲುಪಬೇಕಾದರೆ ಹೊಸ ಮನೆಗಳು ಸೇರಲೇಬೇಕು. ಹೊಸ ಮನೆಯವರೋ ಕಪಾಟಿನ ಆ ಒಂದು ಸಾಲನ್ನು ನೋಡಿ, ಇಷ್ಟು ಕಡಿಮೆ ಚಿತ್ರಗಳಿಗಾಗಿ ಪ್ಲೇಯರ್ ಏಕೆ ಎಂದು ಕೇಳುತ್ತಿದ್ದರು. ಚಿತ್ರ ಹೆಚ್ಚಿದರೆ ಪ್ಲೇಯರ್, ಪ್ಲೇಯರ್ ಹೆಚ್ಚಿದರೆ ಚಿತ್ರ ಎಂಬ ಈ ಬಿಗಿತ ಬಾಡಿಗೆ ಪುಸ್ತಕದ ಪುಟಗಳಲ್ಲಿ ತಿಂಗಳಿಂದ ತಿಂಗಳಿಗೆ ಸ್ಪಷ್ಟವಾಗಿ ಕಾಣುತ್ತದೆ: ಮೊದಲ ಚಳಿಗಾಲದಲ್ಲಿ ಒಂದಿಷ್ಟು ಓಡಾಟ, ಬೇಸಿಗೆಯ ಹೊತ್ತಿಗೆ ಅವೇ ನಾಲ್ಕೈದು ಸದಸ್ಯ ಸಂಖ್ಯೆಗಳು, ಮಳೆಗಾಲದಲ್ಲಿ ಪುಟವೇ ಖಾಲಿ.

ಸದಸ್ಯರು ಜಿಪುಣರಾಗಿದ್ದರೇ? ಅಲ್ಲವೆಂಬುದಕ್ಕೆ ಅದೇ ಅಂಗಡಿಯಲ್ಲಿ ಪುರಾವೆಯಿದೆ. ಅದೇ ಹೊತ್ತಿನಲ್ಲಿ ಅವರಲ್ಲಿ ಅನೇಕರು ಮೂವತ್ತು ಸಾವಿರ ಕೊಟ್ಟು 32 ಇಂಚಿನ ಎಲ್‌ಸಿಡಿ ಟಿವಿ ತಂದರು. ಅನುಕೂಲಸ್ಥರು ಐವತ್ತು ಸಾವಿರದ ಆಸುಪಾಸಿನ 40 ಇಂಚಿನದನ್ನೇ ತಂದರು. ಗೋಡೆಗೆ ಮೊಳೆ ಹೊಡೆದು ಅವನ್ನು ಕೂರಿಸಿದವರು ಈ ಮಾಲೀಕರೇ. ಟಿವಿಗೆ ಐವತ್ತು ಸಾವಿರ ಕೊಟ್ಟ ಕೈ ಪ್ಲೇಯರಿಗೆ ಹನ್ನೊಂದು ಸಾವಿರ ಕೊಡಲು ಏಕೆ ಹಿಂಜರಿಯಿತು ಎಂಬುದೇ ಈ ಪ್ರಕರಣದ ನಿಜವಾದ ಪ್ರಶ್ನೆ.

ಬೆಲೆಯ ಚೀಟಿಯಲ್ಲಿ ಇಲ್ಲದ ಬೆಲೆ

ಟಿವಿ ಮನೆಗೆ ಬಂದ ದಿನವೇ ಪೂರ್ತಿ ಕೆಲಸ ಮಾಡುತ್ತದೆ. ಇದ್ದ ಕೇಬಲ್ಲು, ಇದ್ದ ಡಿವಿಡಿ, ಇದ್ದ ಧಾರಾವಾಹಿ ಎಲ್ಲವೂ ಅದರಲ್ಲಿ ದೊಡ್ಡದಾಗಿ ಕಾಣುತ್ತವೆ. ಬ್ಲೂ-ರೇ ಪ್ಲೇಯರ್ ಹಾಗಲ್ಲ. ಅದು ತಾನು ಮಾತ್ರ ಬಂದರೆ ಡಿವಿಡಿ ಪ್ಲೇಯರಿನ ಕೆಲಸವನ್ನಷ್ಟೇ ಮಾಡೀತು. ಅದರ ಯೋಗ್ಯತೆ ಹೊರಬರಬೇಕಾದರೆ ಎಚ್‌ಡಿಎಂಐ ಕಿಂಡಿ (ಹೈ ಡೆಫಿನಿಷನ್ ಚಿತ್ರವನ್ನು ಟಿವಿಗೆ ತರುವ ಜೋಡಣೆ) ಇರುವ ಟಿವಿ ಬೇಕು, ಅದರ ಕೇಬಲ್ ಬೇಕು, ಹೊಸ ಡಿಸ್ಕುಗಳು ಬೇಕು. ಸದಸ್ಯರ ಮನೆಗಳಲ್ಲಿ ಬಹುಪಾಲು ಆಗಿನ್ನೂ 21 ಅಥವಾ 29 ಇಂಚಿನ ಪಿಕ್ಚರ್ ಟ್ಯೂಬ್ ಟಿವಿಗಳೇ ಇದ್ದವು. ಅಂಥ ಮನೆಯವರಿಗೆ ಪ್ಲೇಯರಿನ ಬೆಲೆ ಹನ್ನೊಂದು ಸಾವಿರವಲ್ಲ. 40 ಇಂಚಿನ ಟಿವಿ ಸೇರಿ ಅರವತ್ತು ಸಾವಿರ. ಪ್ಲೇಯರ್ ಹನ್ನೊಂದರಿಂದ ಏಳಕ್ಕೆ ಇಳಿದರೆ ಪೇಟೆಯವರ ಕಣ್ಣಿಗೆ ಅದು ಮೂರನೇ ಒಂದರಷ್ಟು ಇಳಿಕೆ, ಆ ಮನೆಯ ಲೆಕ್ಕದಲ್ಲಿ ಹದಿನೈದನೇ ಒಂದು ಭಾಗ.

ಎಲ್‌ಸಿಡಿ ಟಿವಿ ಬಂದ ಮನೆಗಳಲ್ಲಾದರೂ ವ್ಯತ್ಯಾಸ ಕಾಣುತ್ತಿತ್ತೇ? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಅಂಶವನ್ನು ಮಾರಾಟಗಾರರು ಯಾವತ್ತೂ ಹೇಳಲಿಲ್ಲ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬೇರ್ಪಡಿಸಿ ನೋಡಬಲ್ಲದು ಎಂದು ಲೆಕ್ಕವಿಟ್ಟರೆ, 32 ಇಂಚಿನ ಪರದೆಯಲ್ಲಿ ಬ್ಲೂ-ರೇ ಚಿತ್ರವನ್ನು ಕಟ್ಟುವ 1080 ಅಡ್ಡ ಗೆರೆಗಳ ಸೂಕ್ಷ್ಮತೆ ಪೂರ್ತಿ ಕಾಣಲು ಸುಮಾರು ನಾಲ್ಕು ಅಡಿ ದೂರದಲ್ಲಿ ಕುಳಿತುಕೊಳ್ಳಬೇಕು. ಸುಮಾರು ಎಂಟು ಅಡಿ ದೂರ ಹೋದರೆ ಡಿವಿಡಿಯ 576 ಗೆರೆಗಳೇ ಕಣ್ಣಿಗೆ ಸಾಕಾಗುತ್ತವೆ, ಹೆಚ್ಚಿನ ಗೆರೆಗಳು ಇದ್ದರೂ ಇಲ್ಲದಂತೆ. ಮಿಗಿಲಾಗಿ, ಆಗ ಎಚ್‌ಡಿ ರೆಡಿ ಎಂದು ಮಾರಾಟವಾಗುತ್ತಿದ್ದ 32 ಇಂಚಿನ ಟಿವಿಗಳಲ್ಲಿ ಇದ್ದದ್ದೇ 768 ಗೆರೆ. 40 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಾದರೆ ಐದು ಅಡಿಯಿಂದ ಹತ್ತು ಅಡಿಯವರೆಗೆ ವ್ಯತ್ಯಾಸ ಹಂತಹಂತವಾಗಿ ತಿಳಿಯುತ್ತದೆ. ಮುಲುಂಡಿನ ಒಂದು ಕೋಣೆ ಮತ್ತು ಅಡುಗೆಮನೆಯ ಬಿಡಾರದಲ್ಲಿ ಮಂಚಕ್ಕೂ ಎದುರು ಗೋಡೆಗೂ ಏಳೆಂಟು ಅಡಿ ಅಂತರ. ಅಲ್ಲಿ 32 ಇಂಚಿನ ಟಿವಿ ಇಟ್ಟುಕೊಂಡವರು ಎರಡು ಡಿಸ್ಕುಗಳನ್ನೂ ನೋಡಿ ಹೆಚ್ಚೇನೂ ಬದಲಾವಣೆ ಕಾಣಲಿಲ್ಲ ಎಂದು ಹೇಳಿದ್ದರೆ ಅದು ಅವರ ಅಜ್ಞಾನವಲ್ಲ. ಅವರ ಕಣ್ಣು ಸರಿಯಾಗಿಯೇ ಹೇಳಿತ್ತು.

ಇದಕ್ಕಿಂತ ಮುಖ್ಯವಾದದ್ದು ಕಪಾಟಿನಲ್ಲಿ ಏನಿತ್ತು ಎಂಬುದು. ಕನ್ನಡ ಸದಸ್ಯರು ವರ್ಷಗಳಿಂದ ಕೂಡಿಟ್ಟದ್ದು ಯಕ್ಷಗಾನ ಪ್ರಸಂಗಗಳ, ತುಳು ನಾಟಕಗಳ, ಹಳೆಯ ಕನ್ನಡ ಚಿತ್ರಗಳ ವಿಸಿಡಿಗಳನ್ನು. ರಜೆಗೆ ಊರಿಗೆ ಹೋದಾಗ ಉಡುಪಿ, ಮಂಗಳೂರು ಪೇಟೆಯಿಂದ ತಂದ ಸಂಗ್ರಹ ಅದು. ವಿಸಿಡಿಯ ಚಿತ್ರ 352 ಅಡ್ಡ 288 ಬಿಂದುಗಳದು, ಬ್ಲೂ-ರೇಯ ಚಿತ್ರದಲ್ಲಿ ಅದರ ಇಪ್ಪತ್ತು ಪಟ್ಟು ಬಿಂದುಗಳಿರುತ್ತವೆ. ಆದರೆ ಇರುಳಿಡೀ ನಡೆದ ಆಟವನ್ನು ಮುಂಬಯಿಯ ಮನೆಯಲ್ಲಿ ಮತ್ತೆ ಕೇಳಬೇಕೆನ್ನುವವರಿಗೆ ಬಿಂದುಗಳ ಲೆಕ್ಕ ದೊಡ್ಡದಲ್ಲ, ಭಾಗವತರ ಪದ ದೊಡ್ಡದು. ಅವರ ಮೆಚ್ಚಿನ ಯಾವುದೂ ಬ್ಲೂ-ರೇಯಲ್ಲಿ ಅಂಗಡಿಗೆ ಬರಲಿಲ್ಲ. ಮಾಲೀಕರು ಕೊಂಡ ಡಿಸ್ಕುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು, ಕೆಲವು ಹಿಂದಿಯವು; ಕನ್ನಡದ್ದು ಒಂದೂ ಇರಲಿಲ್ಲ. ಅದರ ಮೇಲೆ ವಿಸಿಡಿಯನ್ನು ಓದದ ಬ್ಲೂ-ರೇ ಪ್ಲೇಯರುಗಳೂ ಇದ್ದವು. ಮಾರಾಟಕ್ಕಿಟ್ಟಿದ್ದ ಪ್ಲೇಯರನ್ನು ಒಯ್ದ ಸದಸ್ಯರೊಬ್ಬರು ಮರುದಿನವೇ ಹಿಂದೆ ತಂದುಕೊಟ್ಟರು. “ಅಣ್ಣ, ಇದರಲ್ಲಿ ನಮ್ಮ ಆಟದ ಸಿಡಿ ಓಡುವುದಿಲ್ಲ ಮಾರಾಯ್ರೆ, ಅಮ್ಮ ಬೇಡವೇ ಬೇಡ ಎನ್ನುತ್ತಾರೆ” ಎಂದು ಅವರು ಹೇಳಿದ್ದನ್ನು ಮಾಲೀಕರು ಇಂದಿಗೂ ನೆನೆಯುತ್ತಾರೆ. ಡಿವಿಡಿ ಪ್ಲೇಯರ್ ಮನೆ ಮನೆ ಸೇರಿದ್ದಕ್ಕೆ ಅದು ಎರಡು ಸಾವಿರಕ್ಕೆ ಇಳಿದದ್ದು ಎಷ್ಟು ಕಾರಣವೋ, ವಿಸಿಡಿಯನ್ನೂ ಎಂಪಿ3 ಹಾಡುಗಳನ್ನೂ ಓಡಿಸುತ್ತಿದ್ದದ್ದು ಅಷ್ಟೇ ಕಾರಣ. ಹಳೆಯದನ್ನು ಹೊತ್ತು ತರದ ಹೊಸ ಯಂತ್ರ ಇಂಥ ಮನೆಗಳಲ್ಲಿ ಹಳೆಯ ಯಂತ್ರದ ಜಾಗಕ್ಕೆ ಬರುವಂತಿರಲಿಲ್ಲ, ಅದರ ಪಕ್ಕದಲ್ಲಿ ಇನ್ನೊಂದಾಗಿ ನಿಲ್ಲಬೇಕಾಗುತ್ತಿತ್ತು. ಟಿವಿ ಸ್ಟ್ಯಾಂಡಿನಲ್ಲಿ ಅಷ್ಟು ಜಾಗವೂ ಇರಲಿಲ್ಲ.

ಇನ್ನೊಂದು ತೊಡಕು ಸಾಫ್ಟ್‌ವೇರಿನದು. ಬ್ಲೂ-ರೇಯ ನಕಲು ತಡೆಯುವ ವ್ಯವಸ್ಥೆ ಆಗಾಗ ಬದಲಾಗುತ್ತಿದ್ದುದರಿಂದ ಹೊಸ ಚಿತ್ರಗಳು ಓಡಬೇಕಾದರೆ ಪ್ಲೇಯರಿನೊಳಗಿನ ಸಾಫ್ಟ್‌ವೇರನ್ನು, ಅಂದರೆ ಫರ್ಮ್‌ವೇರನ್ನು ನವೀಕರಿಸಬೇಕಾಗುತ್ತಿತ್ತು. ಆಗ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸೆಕೆಂಡಿಗೆ 256 ಕಿಲೋಬಿಟ್ ವೇಗ ಸಾಕಾಗಿತ್ತು. ಆ ವೇಗದಲ್ಲಿ ನೂರು ಮೆಗಾಬೈಟಿನ ಕಡತ ಇಳಿಸಿಕೊಳ್ಳಲು ಸುಮಾರು ಐವತ್ತು ನಿಮಿಷ ಬೇಕು. ಈ ಕೆಲಸವೆಲ್ಲ ಮಾಲೀಕರ ಹೆಗಲಿಗೇ ಬಿತ್ತು. ಅದಕ್ಕೆ ಅವರು ಶುಲ್ಕ ಪಡೆಯಲಿಲ್ಲ.

ಪ್ಲೇಯರನ್ನೇ ಬಾಡಿಗೆಗೆ ಕೊಟ್ಟಾಗ

2011ರಲ್ಲಿ ಅವರು ಮಾಡಿದ ಒಂದು ಏರ್ಪಾಡು ಈ ಪ್ರಕರಣದಲ್ಲಿ ನನಗೆ ಅತ್ಯಂತ ಮೌಲ್ಯದ್ದೆನಿಸುತ್ತದೆ. ಹಿಂದೆ ಬಂದಿದ್ದ ಆ ಪ್ಲೇಯರನ್ನು ಅವರು ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ, ಎಚ್‌ಡಿಎಂಐ ಕೇಬಲ್ ಮತ್ತು ಎರಡು ಡಿಸ್ಕುಗಳ ಸಮೇತ, ಒಂದೇ ಬಾಡಿಗೆಗೆ ಕೊಡತೊಡಗಿದರು. ತಾವೇ ಮನೆಗೆ ಹೋಗಿ ಜೋಡಿಸಿಯೂ ಕೊಡುತ್ತಿದ್ದರು. ಅಂಗಡಿಯ ಗದ್ದಲದಲ್ಲಿ ಐದು ನಿಮಿಷ ನೋಡಿ ತಲೆಯಾಡಿಸುವುದಕ್ಕೂ, ತಮ್ಮದೇ ಕೋಣೆಯಲ್ಲಿ, ತಮ್ಮದೇ ಟಿವಿಯಲ್ಲಿ, ಮನೆಮಂದಿಯೊಡನೆ ಕುಳಿತು ಒಂದು ಚಿತ್ರವನ್ನು ಕೊನೆಯವರೆಗೆ ನೋಡುವುದಕ್ಕೂ ಅಜಗಜಾಂತರವಿದೆ. ಬಾಡಿಗೆ ಪುಸ್ತಕದಲ್ಲಿ ಬ್ಲೂ-ರೇಯ ಪುಟ ಮತ್ತೆ ತುಂಬಿದ್ದು ಈ ಅವಧಿಯಲ್ಲಿ ಮಾತ್ರ.

ಆದರೆ ಅದರ ಪರಿಣಾಮ ಅವರು ಎಣಿಸಿದಂತೆ ಆಗಲಿಲ್ಲ. ಹೀಗೆ ಒಯ್ದವರಲ್ಲಿ ಪ್ಲೇಯರ್ ಕೊಂಡವರು ಒಬ್ಬಿಬ್ಬರು. ಅದಕ್ಕಿಂತ ಹೆಚ್ಚು ಮಂದಿ ಕೊಂಡದ್ದು ಇನ್ನೂ ದೊಡ್ಡ ಟಿವಿಯನ್ನು. 32 ಇಂಚಿನವರು 40ಕ್ಕೆ ಏರಿದರು, ಪಿಕ್ಚರ್ ಟ್ಯೂಬಿನವರು ಎಲ್‌ಸಿಡಿಗೆ ಬಂದರು. ಚಿತ್ರ ಎಷ್ಟು ಸ್ಪಷ್ಟವಾಗಿರಬಹುದು ಎಂಬುದನ್ನು ಬ್ಲೂ-ರೇ ತೋರಿಸಿಕೊಟ್ಟಿತು. ಆ ಆಸೆಯ ಫಲ ಮಾತ್ರ ಬೇರೆ ಸರಕಿಗೆ ಸಂದಿತು. ಮಾಲೀಕರು ಇದನ್ನು ಸೋಲು ಎಂದೇ ಬರೆದಿಟ್ಟಿದ್ದಾರೆ. ಸದಸ್ಯರ ದೃಷ್ಟಿಯಿಂದ ನಾನು ಇದನ್ನು ಒಪ್ಪಲಾರೆ. ಅವರು ತಮ್ಮ ಹಣವನ್ನು ದಿನನಿತ್ಯ ಉಪಯೋಗಕ್ಕೆ ಬರುವ ಭಾಗಕ್ಕೆ ಮೊದಲು ಹಾಕಿದರು. ವರ್ಷಕ್ಕೆ ಹತ್ತು ಚಿತ್ರ ನೋಡುವ ಯಂತ್ರಕ್ಕಿಂತ ದಿನಾ ನಾಲ್ಕು ಗಂಟೆ ಉರಿಯುವ ಪರದೆ ಮುಖ್ಯವೆಂಬ ನಿರ್ಣಯದಲ್ಲಿ ತಪ್ಪೇನಿದೆ? ಪ್ಲೇಯರ್ ತಯಾರಕರು ಯಂತ್ರವನ್ನು ಅಗ್ಗ ಮಾಡುವುದರ ಜೊತೆಗೆ ಮನೆಗೆ ಕೊಟ್ಟು ನೋಡಿಸುವ ಇಂಥ ಏರ್ಪಾಡನ್ನು ಊರೂರಿನ ಸಣ್ಣ ಅಂಗಡಿಗಳ ಮೂಲಕ ಮಾಡಿದ್ದರೆ, ದೊಡ್ಡ ಪರದೆ ಇದ್ದ ಮನೆಗಳಲ್ಲಾದರೂ ಅದು ನೆಲೆಯೂರುತ್ತಿತ್ತೆಂದು ನಾನು ಭಾವಿಸುತ್ತೇನೆ.

ಕಾದವರ ಮುಂದೆ ಬೇರೆ ದಾರಿಗಳು

ಪ್ಲೇಯರ್ ಏಳು ಸಾವಿರಕ್ಕೆ ಇಳಿದ 2012, 2013ರ ಹೊತ್ತಿಗೆ ಪರಿಸ್ಥಿತಿಯೇ ಬದಲಾಗಿತ್ತು. 2012ರ ಅಕ್ಟೋಬರ್ 31ರ ಗಡುವಿನೊಡನೆ ಮುಂಬಯಿಯಲ್ಲಿ ಹಳೆಯ ಅನಲಾಗ್ ಕೇಬಲ್ ನಿಂತು, ಮನೆ ಮನೆಗೂ ಸೆಟ್ ಟಾಪ್ ಬಾಕ್ಸ್ ಬಂತು. ಹೇಗೂ ಬಾಕ್ಸ್ ಹಾಕಿಸಲೇಬೇಕಾದ್ದರಿಂದ ಸ್ವಲ್ಪ ಹೆಚ್ಚು ಕೊಟ್ಟು ಎಚ್‌ಡಿ ಬಾಕ್ಸನ್ನೇ ಹಾಕಿಸಿಕೊಂಡವರು ಹಲವರು. ಕ್ರಿಕೆಟ್ ಪಂದ್ಯವೇ ಹೈ ಡೆಫಿನಿಷನ್‌ನಲ್ಲಿ ಬರತೊಡಗಿದ ಮೇಲೆ ಆ ಸ್ಪಷ್ಟತೆಗಾಗಿ ಡಿಸ್ಕಿನ ಮೊರೆ ಹೋಗಬೇಕಾದ ಅಗತ್ಯ ಉಳಿಯಲಿಲ್ಲ. ಹೊಸ ಟಿವಿಗಳ ಬೆನ್ನಿಗೆ ಯುಎಸ್‌ಬಿ ಕಿಂಡಿ ಬಂದು, ಪೆನ್ ಡ್ರೈವಿನಿಂದ ನೇರವಾಗಿ ಚಿತ್ರ ನೋಡುವುದು ರೂಢಿಯಾಯಿತು. ಬ್ಲೂ-ರೇಯಲ್ಲಿ ಚಿತ್ರದ ಮಾಹಿತಿ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಹರಿಯಬಲ್ಲದು. ಪೆನ್ ಡ್ರೈವಿನ ಕಡತಗಳಲ್ಲಿ ಅದರ ಹತ್ತನೇ ಒಂದು ಭಾಗವೂ ಇರುತ್ತಿರಲಿಲ್ಲ. ಗುಣಮಟ್ಟದಲ್ಲಿ ಬ್ಲೂ-ರೇಗೆ ಸಾಟಿ ಆಗಲೂ ಇರಲಿಲ್ಲ, ಕತ್ತಲೆಯ ದೃಶ್ಯಗಳಲ್ಲಿ ಮತ್ತು ಸಂಗೀತದಲ್ಲಿ ಆ ಅಂತರ ಈಗಲೂ ತಿಳಿಯುತ್ತದೆ. ಆದರೆ ಸಾಕಷ್ಟು ಚೆನ್ನಾಗಿದೆ ಎನ್ನಿಸುವ ಚಿತ್ರ ಹೆಚ್ಚುವರಿ ಖರ್ಚಿಲ್ಲದೆ ಸಿಕ್ಕಾಗ, ಅತ್ಯುತ್ತಮ ಚಿತ್ರಕ್ಕಾಗಿ ಏಳು ಸಾವಿರವೂ ದುಬಾರಿಯೆನಿಸಿತು. ಅಂದರೆ ಯಂತ್ರದ ಬೆಲೆ ಇಳಿದಷ್ಟು ವೇಗದಲ್ಲೇ ಅದರ ಅಗತ್ಯವೂ ಇಳಿಯುತ್ತ ಹೋಯಿತು. 2007ರಲ್ಲಿ ಇದೇ ಬೆಲೆ ಇದ್ದಿದ್ದರೆ ಕಥೆ ಬೇರೆಯಾಗಬಹುದಿತ್ತು.

ಮಾಲೀಕರು ತಮ್ಮ ಸೋಲಿಗೆ ಕೊಡುವ ಕಾರಣ ಒಂದೇ: ರೈಲ್ವೆ ಸೇತುವೆಯ ಬಳಿ ಮಾರುತ್ತಿದ್ದ ನಕಲಿ ಡಿಸ್ಕುಗಳು. ಅವರ ನೋವು ನನಗೆ ಅರ್ಥವಾಗುತ್ತದೆ. ನಕಲಿ ಡಿಸ್ಕು ಅವರ ಡಿವಿಡಿ ಬಾಡಿಗೆಯನ್ನು ತಿಂದಿತೆಂಬುದು ನಿಜ. ಬ್ಲೂ-ರೇಯ ಮಟ್ಟಿಗೆ ಮಾತ್ರ ಈ ವಿವರಣೆ ಸಾಲದು. ನಕಲಿಯನ್ನು ಎಂದೂ ಕೊಳ್ಳದ, ಪ್ರತಿ ಚಿತ್ರವನ್ನೂ ಬಾಡಿಗೆಗೇ ಒಯ್ಯುತ್ತಿದ್ದ ನಿಷ್ಠಾವಂತ ಸದಸ್ಯರೂ ಪ್ಲೇಯರ್ ಕೊಳ್ಳಲಿಲ್ಲ. ಬೇಕಾದ ಭಾಷೆಯ ಚಿತ್ರವಿಲ್ಲದ, ಇದ್ದ ಸಂಗ್ರಹವನ್ನು ಓಡಿಸದ, ಇದ್ದ ಕೋಣೆಯಲ್ಲಿ ಪೂರ್ತಿ ಕಾಣದ ಯಂತ್ರವನ್ನು ನಕಲಿ ಡಿಸ್ಕಿನ ಹಾವಳಿ ಇಲ್ಲದಿದ್ದರೂ ಅವರು ಕೊಳ್ಳುತ್ತಿರಲಿಲ್ಲ.

2014ರಲ್ಲಿ ಅಂಗಡಿಯ ಬಾಡಿಗೆ ವಿಭಾಗ ಮುಚ್ಚಿತು. ಎರಡು ವರ್ಷಗಳ ಬಳಿಕ, 2016ರ ಫೆಬ್ರವರಿ ಕೊನೆಯಲ್ಲಿ, ದಕ್ಷಿಣ ಮುಂಬಯಿಯ ಕಾಲಾ ಘೋಡಾದಲ್ಲಿದ್ದ ಪ್ರಸಿದ್ಧ ಸಂಗೀತದ ಅಂಗಡಿ ರಿದಂ ಹೌಸ್ ಕೂಡ ಬಾಗಿಲು ಹಾಕಿತು. ಅದೇ ವರ್ಷದ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭವಾಗಿ ಇಂಟರ್ನೆಟ್ ಅಗ್ಗವಾಯಿತು. ಅಗ್ಗದ ಡಿಸ್ಕಿನ ಅಲೆ ಎಬ್ಬಿಸಿದ್ದ ಮೋಸರ್ ಬೇರ್ 2018ರಲ್ಲಿ ಸಮಾಪನಕ್ಕೆ, ಅಂದರೆ ಆಸ್ತಿ ಮಾರಿ ಕಂಪನಿ ಮುಚ್ಚುವ ಪ್ರಕ್ರಿಯೆಗೆ, ಹೋಯಿತು. ಪ್ಲೇಯರ್ ತಯಾರಿಸುವವರೂ ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಿದ್ದಾರೆ. ಒಪ್ಪೊ 2018ರಲ್ಲಿ ನಿಲ್ಲಿಸಿತು. ಅಮೆರಿಕದ ಮಾರುಕಟ್ಟೆಗೆ ಹೊಸ ಪ್ಲೇಯರ್ ತರುವುದನ್ನು ಸ್ಯಾಮ್‌ಸಂಗ್ 2019ರಲ್ಲಿ ಕೈಬಿಟ್ಟಿತು. ಎಲ್‌ಜಿ 2024ರ ಕೊನೆಯಲ್ಲಿ ಅದೇ ದಾರಿ ಹಿಡಿಯಿತು.

ಈ ಬೆಳವಣಿಗೆ ಅಂಗಡಿಯ ಮಾಲೀಕರಿಗೆ ಹೊಸದೊಂದು ಕೆಲಸ ತಂದಿದೆ. ಡಿವಿಡಿ ಪ್ಲೇಯರುಗಳು ಕೆಟ್ಟು, ಹೊಸವು ಸುಲಭವಾಗಿ ಸಿಗದೆ, ಮನೆಗಳಲ್ಲಿ ಉಳಿದಿರುವ ಯಕ್ಷಗಾನದ ವಿಸಿಡಿಗಳನ್ನು ಓಡಿಸುವ ಯಂತ್ರವೇ ಇಲ್ಲದಂತಾಗಿದೆ. ಹಳೆಯ ಸದಸ್ಯರು ಅವನ್ನು ಚೀಲದಲ್ಲಿ ತುಂಬಿಕೊಂಡು ಅವರ ಬಳಿ ಬರುತ್ತಾರೆ. ಅವರು ರಿಪೇರಿ ಮಾಡಿ ಉಳಿಸಿಕೊಂಡಿರುವ ಹಳೆಯ ಡ್ರೈವುಗಳಲ್ಲಿ ಅವನ್ನು ಓದಿಸಿ, ಹಾರ್ಡ್ ಡಿಸ್ಕಿಗೆ ಇಳಿಸಿ ಕೊಡುತ್ತಾರೆ. ಕೆಲವು ಡಿಸ್ಕುಗಳ ಲೇಪನ ಕಿತ್ತು ಹೋಗಿ ಅರ್ಧ ಪ್ರಸಂಗವಷ್ಟೇ ಸಿಗುತ್ತದೆ. ಇಂಥ ಸಂಗ್ರಹ ಇರುವವರು ಈ ವರ್ಷವೇ ಅದನ್ನು ಇಳಿಸಿಟ್ಟುಕೊಳ್ಳುವುದು ಒಳ್ಳೆಯದು, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ.